ಮೈಕ್ ಮೇಡಂ ಮನೆಯ ಕಾವುಗೋಳಿ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಮೈಕ್ ಮೇಡಂ ಎಂದು ಹೆಸರಿಟ್ಟವರು ಯಾರೋ, ಆ ಹೆಸರಂತೂ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅವಳಿಗೆ ಒಪ್ಪಿಬಿಟ್ಟಿತ್ತು. ಕಲಿಯುವವರ ಪಕ್ಕ ಕೂತು "ಕ್ಲಚ್ಚು! ಕ್ಲಚ್ಚು ಒತ್ರೀ! ಅಯ್ಯೋ, ಅದು ಬ್ರೇಕು!" ಎಂದು ಅವಳು ಕೂಗಿದರೆ ರಸ್ತೆಯಲ್ಲಿ ಹೋಗುವವರೆಲ್ಲ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಹಾಗೆ ಕೂಗಿದ್ದಳು. ಮನೆಯಲ್ಲೂ ದನಿ ತಗ್ಗಿಸುವಂತಿರಲಿಲ್ಲ. ಅತ್ತೆಗೆ ಕಿವಿ ಮಂದ. ಗಂಡ ದಿನವಿಡೀ ಲೇತ್ ಮಿಷಿನ್ನಿನ ಮುಂದೆ ನಿಂತು ಬರುವವನು, ಅವನ ಲೆಕ್ಕದಲ್ಲಿ ಮೆಲ್ಲಗೆ ಆಡಿದ್ದು ಮಾತೇ ಅಲ್ಲ. ಈ ಮನೆಯಲ್ಲಿ ಉಪ್ಪು ಮುಗಿದರೆ ಇಡೀ ಬೀದಿಗೆ ಸುದ್ದಿ ತಿಳಿಯುತ್ತಿತ್ತು.

ಆ ಗಂಟಲು ಒಂದು ದಿನ ಕೈಕೊಟ್ಟಿತು. ಮೊದಲು ಗೊಗ್ಗರು, ಆಮೇಲೆ ಬರೀ ಗಾಳಿ. ಒಳಗೆ ಗಂಟು ಕಟ್ಟಿದೆ ಎಂದು ಗಂಟಲ ಡಾಕ್ಟರಮ್ಮ ಆಪರೇಷನ್ ಮಾಡಿ, ಕೆಲವು ವಾರ ಬಾಯಿ ಬಿಡಲೇಬಾರದು ಎಂದು ಕಟ್ಟಪ್ಪಣೆ ಮಾಡಿದರು.

"ನೀನು ಸುಮ್ನಿರೋದಾ? ನಮ್ಮ ಲೇತ್ ಮಿಷಿನ್ನಾದ್ರೂ ಸುಮ್ನಾಗುತ್ತೆ," ಎಂದು ಗಂಡ ನಕ್ಕ. ಅವಳಿಗೆ ತಿರುಗಿ ಹೇಳಲು ಆಗಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಒಬ್ಬ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಕೋಳಿಮರಿ ಮಾರುತ್ತಿದ್ದ. ಏಕೆ ನಿಂತಳೋ ಅವಳಿಗೇ ತಿಳಿಯದು. ಬೆರಳಲ್ಲಿ ತೋರಿಸಿ ಆರು ಮರಿ ತೆಗೆದುಕೊಂಡಳು. ಜೀವಮಾನದಲ್ಲಿ ಚೌಕಾಸಿ ಮಾಡದೆ ಅವಳು ಕೊಂಡದ್ದು ಅದೊಂದೇ.

ಅತ್ತೆ ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿ ನೋಡಿ ಹೌಹಾರಿದರು. "ಬಾಯಿ ಮುಚ್ಕೊಂಡಿರು ಅಂತ ಡಾಕ್ಟರು ಹೇಳಿದ್ರೆ, ನಿನ್ನ ಪರವಾಗಿ ಕೂಗೋಕೆ ಆರು ಜನನ್ನ ಕರ್ಕೊಂಡು ಬಂದಿದೀಯಲ್ಲೇ!"

ಕೋಳಿ ಸಾಕುವುದು ಇಬ್ಬರಿಗೂ ಗೊತ್ತಿರಲಿಲ್ಲ. ಬೆಚ್ಚಗಿರಲಿ ಎಂದು ಪೆಟ್ಟಿಗೆಯ ಮೇಲೆ ಒಂದು ಬಲ್ಬು ತೂಗುಹಾಕಿದರು. ಅದು ತೀರ ಎತ್ತರವಾಯಿತು. ಬೆಳಗಾಗುವಷ್ಟರಲ್ಲಿ ಎರಡು ಮರಿ ಸೆಟೆದುಕೊಂಡಿದ್ದವು. ಅಂಗೈಯಲ್ಲಿ ಹತ್ತಿಯಷ್ಟೂ ಭಾರವಿಲ್ಲದ ಆ ಎರಡನ್ನು ಹಿಡಿದುಕೊಂಡು ಅವಳು ಬಚ್ಚಲ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದಳು.

"ಬೇಡ ಬಿಡು, ಇದೆಲ್ಲ ನಮ್ಮ ಕೈಲಿ ಆಗೋ ಕೆಲಸ ಅಲ್ಲ. ಉಳಿದವನ್ನ ಯಾರಿಗಾದ್ರೂ ಕೊಟ್ಬಿಡು," ಎಂದರು ಅತ್ತೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಬಲ್ಬನ್ನು ಇಳಿಸಿ, ಪೆಟ್ಟಿಗೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಮರಿಗಳು ಬೆಳಕಿನಡಿ ಒಂದರ ಮೇಲೊಂದು ಮುಗಿಬಿದ್ದರೆ ಚಳಿ ಎಂದರ್ಥ. ಮೂಲೆಗೆ ಓಡಿ ಕೊಕ್ಕು ತೆರೆದು ನಿಂತರೆ ಸೆಕೆ. ಎರಡೂ ಇಲ್ಲದೆ ಪೆಟ್ಟಿಗೆ ತುಂಬ ಹರಡಿಕೊಂಡು ನುಚ್ಚು ಹೆಕ್ಕುತ್ತಿದ್ದರೆ ಸರಿಯಾಗಿದೆ. ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂಬುದು ಕಲಿಯುವವರ ಕಾಲಿಗೇ ಗೊತ್ತಾಗುವ ಹಾಗೆ ಇದೂ ಅವಳ ಕಣ್ಣಿಗೆ ಗೊತ್ತಾಯಿತು. ನೀರಿನ ತಟ್ಟೆಯಲ್ಲಿ ಒಂದು ಮರಿ ಬಿದ್ದು ತೊಪ್ಪೆಯಾದ ಮೇಲೆ ತಟ್ಟೆಗೆ ಬೆಣಚುಕಲ್ಲು ತುಂಬಿಸಿದಳು. ನಾಲ್ಕೂ ಬದುಕಿದವು.

ಅವು ಹಿತ್ತಲಿಗೆ ಇಳಿಯುವಷ್ಟು ದೊಡ್ಡವಾಗುವಾಗ ಅವಳಿಗೂ ಮಾತು ಬಂದಿತ್ತು. ಇನ್ನೂ ಸ್ವಲ್ಪ ದಿನ ದನಿ ಏರಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರೂ ಕೇಳದೆ ಕೆಲಸಕ್ಕೆ ಓಡಿದಳು. ಮೊದಲ ದಿನವೇ ಒಬ್ಬ ಕಲಿಯುವವ ನಿಂತಿದ್ದ ಹಾಲಿನ ವ್ಯಾನಿನತ್ತ ನೆಟ್ಟಗೆ ಹೊರಟ. ಅವಳ ಹಳೆಯ ಗಂಟಲು ತೆರೆದುಕೊಂಡಿತು. ವ್ಯಾನು ಉಳಿಯಿತು, ಗಂಟಲು ಉಳಿಯಲಿಲ್ಲ. ಮತ್ತೆ ಗಂಟು, ನಾಲ್ಕೈದು ತಿಂಗಳು ಔಷಧಿ, ಅದರಿಂದ ಆಗದೆ ಮತ್ತೆ ಆಪರೇಷನ್.

ಈ ಸಲ ಡಾಕ್ಟರಮ್ಮ ಬೈಯಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು. "ನೋಡಿ, ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲೂ ಏನೂ ಇರಲ್ಲ. ನಾನು ಹೇಳೋ ತನಕ ಪಿಸುಮಾತೂ ಬೇಡ. ಕೂಗೋದಂತೂ ಇನ್ಮೇಲೆ ಯಾವತ್ತೂ ಬೇಡ."

ಸ್ಕೂಲಿನ ಮಾಲೀಕ ಅವಳ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡಿದ್ದ. "ಧ್ವನಿ ಬರ್ಲಿ ಮೇಡಂ, ಆಮೇಲೆ ನೋಡೋಣ," ಎಂದ. ಆ 'ನೋಡೋಣ' ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು. ಆ ಸೀಟಿನಲ್ಲಿ ಮತ್ತೆ ಕೂತೇ ಕೂರುತ್ತೇನೆ. ಅಲ್ಲಿಯ ತನಕ, ಮನೆಗೆ ಬೆಂಕಿ ಬಿದ್ದರೂ, ಈ ಬಾಯಿಂದ ಒಂದು ಕೂಗು ಹೊರಡುವುದಿಲ್ಲ.

ಅಷ್ಟರಲ್ಲಿ ನಾಲ್ಕು ಮರಿಗಳಲ್ಲಿ ಒಂದನ್ನು ಬೆಕ್ಕು ಹೊತ್ತೊಯ್ದಿತ್ತು. ಉಳಿದದ್ದು ಒಂದು ಹುಂಜ, ಎರಡು ಹೇಂಟೆ. ಬೂದುಬಣ್ಣದ ಹೇಂಟೆ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಟಯರಿನೊಳಗೆ ಮೊಟ್ಟೆ ಇಡಲು ಶುರುಮಾಡಿತ್ತು. ಒಂದು ಬೆಳಿಗ್ಗೆ ನೋಡಿದರೆ ಅದು ಟಯರು ಬಿಟ್ಟು ಏಳುತ್ತಿಲ್ಲ. ಗರಿಯೆಲ್ಲ ಉಬ್ಬಿಸಿಕೊಂಡು ಮೊರದಗಲ ಆಗಿದೆ. ಕೈ ಚಾಚಿದರೆ ಗುರ್ ಎಂದು ಕುಕ್ಕುತ್ತದೆ. ಕಾಳು ಹಾಕಿದರೂ ಕಣ್ಣೆತ್ತುವುದಿಲ್ಲ.

ಅತ್ತೆ ಅದರ ಹೊಟ್ಟೆಯಡಿ ಕೈಹಾಕಿ, ಕುಕ್ಕಿಸಿಕೊಂಡು, "ಜ್ವರ ಕಣೇ! ಸುಡ್ತಿದೆ!" ಎಂದರು.

ಇಬ್ಬರೂ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದರು. ವೈದ್ಯರು ನೋಡಿ ನಕ್ಕರು. "ಕಾಯಿಲೆ ಏನೂ ಇಲ್ಲಮ್ಮ. ಕಾವು ಬಂದಿದೆ, ಅಷ್ಟೇ."

"ಏನು ಬಂದಿದೆ?" ಅತ್ತೆ ಕಿವಿಗೆ ಕೈ ಅಡ್ಡಹಿಡಿದರು.

"ಕಾವು! ಕಾವು!"

"ಸಾವಾ?" ಅತ್ತೆಯ ಕಣ್ಣಲ್ಲಿ ಆಗಲೇ ನೀರು. "ಅಯ್ಯೋ, ನಿನ್ನೆ ತಾನೇ ಚೆನ್ನಾಗಿ ಓಡಾಡ್ಕೊಂಡಿತ್ತಲ್ಲ ಸ್ವಾಮಿ!"

ಸೊಸೆಗೆ ಕೂಗಿ ಹೇಳುವಂತಿಲ್ಲ. ಅವಳು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೈ ರೆಕ್ಕೆಯಂತೆ ಅಗಲಿಸಿ, ಕೆಳಗೆ ಮೊಟ್ಟೆ ಇರುವಂತೆ ಅಭಿನಯಿಸಿ ತೋರಿಸಿದಳು. ಹೊರಗೆ ಎಮ್ಮೆ ಹಿಡಿದು ಕಾದಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. ಅತ್ತೆಗೆ ಅರ್ಥವಾಗಿ, "ಅಷ್ಟೇನಾ? ಮೊದಲೇ ಹೇಳಬಾರದಾ!" ಎಂದು ವೈದ್ಯರನ್ನೇ ಗದರಿದರು.

ತಣ್ಣೀರಲ್ಲಿ ಅದ್ದಿ ತೆಗೆದರೆ ಕಾವು ಇಳಿಯುತ್ತದೆ, ಮತ್ತೆ ಮೊಟ್ಟೆ ಇಡುತ್ತದೆ ಎಂದು ಪಕ್ಕದ ಮನೆಯ ಟೈಲರ್ ಬುದ್ಧಿ ಹೇಳಿದ. ಅವಳು ಒಪ್ಪಲಿಲ್ಲ. ಒಲ್ಲದ ಮನಸ್ಸಿನಿಂದ ಬಾಯಿ ಮುಚ್ಚಿ ಕೂತ ತನಗೇ ಇಷ್ಟು ಕಷ್ಟವಾಗಿರುವಾಗ, ತಾನಾಗಿ ಕೂರುತ್ತೇನೆ ಎನ್ನುವುದನ್ನು ಎಬ್ಬಿಸುವುದೇ? ಕೂಡಿಟ್ಟ ಏಳು ಮೊಟ್ಟೆಗಳನ್ನು ಅದರ ಹೊಟ್ಟೆಯಡಿ ಸರಿಸಿದಳು. ಹೇಂಟೆ ಒಂದೊಂದನ್ನೂ ಕೊಕ್ಕಿನಿಂದ ಒಳಗೆಳೆದುಕೊಂಡಿತು.

ಎರಡನೆಯ ದಿನ ಅದು ಎದ್ದು ಹೊರಗೆ ಬಂದುಬಿಟ್ಟಿತು. "ಬಿಟ್ಟೇಬಿಡ್ತಲ್ಲೇ! ಹಿಡ್ಕೊಂಡು ಬಂದು ಕೂರಿಸು!" ಎಂದು ಅತ್ತೆ ಎದೆ ಬಡಿದುಕೊಂಡರು. ಸೊಸೆ ಅವರ ಕೈಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ಹೇಂಟೆ ಗಬಗಬ ಕಾಳು ತಿಂದಿತು, ನೀರು ಕುಡಿಯಿತು, ಮಣ್ಣಲ್ಲಿ ಹೊರಳಾಡಿತು. ಆಮೇಲೆ ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ ಒಂದೇ ಉಸಿರಿಗೆ ಟಯರಿಗೆ ಓಡಿತು. ಅಂದಿನಿಂದ ಆ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಮೆಟ್ಟಿಲ ಮೇಲೆ ಹಾಜರಿರುತ್ತಿದ್ದರು. ಮಾತಿಲ್ಲದೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು.

ಹೀಗೇ ಒಂದು ಮಧ್ಯಾಹ್ನ ಅತ್ತೆ ಟಯರಿನ ಪಕ್ಕದಲ್ಲೇ ಬೆನ್ನು ತಿರುಗಿಸಿ ಬಟ್ಟೆ ಒಣಹಾಕುತ್ತಿದ್ದರು. ಸೊಸೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ, ಮರಿ ಹೊತ್ತೊಯ್ದಿದ್ದ ಅದೇ ಬೆಕ್ಕು ಗೋಡೆ ಇಳಿದು ಹೊಟ್ಟೆ ನೆಲಕ್ಕೆ ಹಚ್ಚಿ ಬರುತ್ತಿದೆ. ಗಂಟಲಿನ ತುದಿಗೆ ಕೂಗು ಬಂದು ನಿಂತಿತು. ಒಂದು ಸಲ ಬಾಯಿ ತೆರೆದರೆ ಸಾಕಿತ್ತು. ಅವಳು ತುಟಿ ಕಚ್ಚಿಕೊಂಡಳು. ತುಂಬಿದ ಬಕೆಟ್ ಎತ್ತಿಕೊಂಡು ಓಡಿ, ಓಡುತ್ತಲೇ ನೀರು ಎರಚಿ, ಖಾಲಿ ಬಕೆಟ್ಟನ್ನು ಬೆಕ್ಕಿನತ್ತ ಬೀಸಿ ಒಗೆದಳು. ಬೆಕ್ಕು ಮಾಯ. ನೀರು ಮುಕ್ಕಾಲು ಪಾಲು ಅತ್ತೆಯ ಮೇಲೆ.

"ನಾನೇನು ಮಾಡಿದ್ನೇ ನಿನಗೆ?" ಎಂದು ತೊಯ್ದು ನಿಂತ ಅತ್ತೆ ಕೇಳಿದರು. ಸೊಸೆಯ ತುಟಿಯಲ್ಲಿ ರಕ್ತ ಕಂಡು, ಗೋಡೆಯಾಚೆ ಓಡುವ ಬಾಲ ಕಂಡು, ಬಕೆಟ್ ಎತ್ತಿ ಅವಳ ಕೈಗೆ ಕೊಟ್ಟರು.

ಸಂಜೆ ಗಂಡ ಸುದ್ದಿ ಕೇಳಿ, "ಕೂಗ್ಲಿಲ್ವಾ? ಒಂಚೂರೂ?" ಎಂದ. ಅತ್ತೆ ಇಲ್ಲವೆಂದು ಕೈಯಾಡಿಸಿದರು. ಅವನು ಹೆಂಡತಿಯ ಮುಖವನ್ನೇ ನೋಡಿದ, ನಗಲಿಲ್ಲ. ಮಾರನೆಯ ದಿನ ವರ್ಕ್‌ಶಾಪಿನಿಂದ ತಂತಿಬಲೆ, ಕಬ್ಬಿಣದ ಪಟ್ಟಿ ಹೊತ್ತು ತಂದು ಟಯರಿನ ಸುತ್ತ ಬಾಗಿಲಿರುವ ಗೂಡು ಕಟ್ಟಿದ. ಬಾಗಿಲು ಕಿರುಗುಟ್ಟಬಾರದೆಂದು ಕೀಲಿಗೆ ಎಣ್ಣೆಯನ್ನೂ ಬಿಟ್ಟ.

ಮೂರನೆಯ ವಾರ ಮುಗಿಯುವಾಗ ಡಾಕ್ಟರಮ್ಮ ಗಂಟಲು ನೋಡಿ, ಮೆಲ್ಲಗೆ ಒಂದೆರಡು ಮಾತು ಶುರುಮಾಡಬಹುದು ಎಂದರು. ಅವಳು ಆತುರಪಡಲಿಲ್ಲ. ಮನೆಗೆ ಬಂದು ಗೂಡಿನ ಮುಂದೆ ಕೂತಾಗ ಹೇಂಟೆ ಹೊಟ್ಟೆಯಡಿಗೆ ಬಗ್ಗಿ ಕೊಕ್, ಕೊಕ್ ಎಂದು ಹೊಸ ದನಿಯಲ್ಲಿ ಏನೋ ಹೇಳುತ್ತಿತ್ತು. ಕೆಳಗಿನಿಂದ ನೂಲಿನೆಳೆಯಂಥ ಚಿಂವ್ ಉತ್ತರ ಬಂತು.

ಅವಳು ಒಂದು ಮೊಟ್ಟೆಯನ್ನು ತೆಗೆದು ಅತ್ತೆಯ ಕಿವಿಗೆ ಹಿಡಿದಳು. ಅತ್ತೆ ತಲೆಯಾಡಿಸಿದರು. "ನನಗೆಲ್ಲಿ ಕೇಳುತ್ತೆ ಬಿಡು." ಅವಳು ಬಿಡಲಿಲ್ಲ. ಮೊಟ್ಟೆಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅತ್ತೆಯ ಹುಬ್ಬು ಮೇಲೇರಿತು.

"ಕುಟ್ತಿದೆ ಕಣೇ! ಒಳಗಿಂದ ಕುಟ್ತಿದೆ!"

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಐದು ಮರಿ ಹೊರಬಂದವು. ಒಂದು ಮೊಟ್ಟೆ ಕೊಳೆತಿತ್ತು. ಇನ್ನೊಂದು ಸಣ್ಣ ತೂತು ಬಿದ್ದು ಅಲ್ಲಿಗೇ ನಿಂತಿತ್ತು. ಒಳಗಿನ ಕೊಕ್ಕು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಅತ್ತೆಗೆ ತಡೆಯಲಾಗಲಿಲ್ಲ, ಚಿಪ್ಪು ಸುಲಿಯಲು ಉಗುರು ಹಾಕಿದರು.

"ಬೇಡ ಅತ್ತೆ. ಅದೇ ಬರ್ಲಿ."

ತಗ್ಗಿದ, ದಪ್ಪನೆಯ ದನಿ. ಯಾರದೋ ಎಂಬಂತೆ ಅವಳಿಗೇ ಕೇಳಿಸಿತು. ಅತ್ತೆ ಉಗುರು ಹಿಂದೆಗೆದು ನಿಧಾನವಾಗಿ ತಿರುಗಿದರು.

"ಏನಂದೆ? ಅದೇ ಬರ್ಲಿ ಅಂದ್ಯಾ?"

"ಕೇಳಿಸ್ತಾ?"

"ಚೆನ್ನಾಗಿ ಕೇಳ್ತು. ಮೊದಲು ನೀನು ಕಿರುಚೋದು ಕೇಳ್ತಿತ್ತೇ ಹೊರತು ಏನು ಹೇಳ್ತಿದೀಯ ಅಂತ ಗೊತ್ತಾಗ್ತಿರ್ಲಿಲ್ಲ. ನಾನೂ ಸುಮ್ನೆ ಹೂಂ ಅಂತಿದ್ದೆ." ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ಇನ್ನೊಂದು ಸಲ ಏನಾದ್ರೂ ಹೇಳು."

ಆರನೆಯ ಮರಿ ಹೊರಬರುವಾಗ ಸಂಜೆಯಾಗಿತ್ತು. ಒದ್ದೆಮುದ್ದೆಯಾಗಿ, ಚಿಪ್ಪಿನ ಪಕ್ಕದಲ್ಲೇ ಸುಸ್ತಾಗಿ ಬಿದ್ದುಕೊಂಡಿತು. ಬೆಳಿಗ್ಗೆ ಅದೂ ಉಳಿದವುಗಳ ಜೊತೆ ತಾಯಿಯ ಬೆನ್ನೇರಲು ಹೆಣಗುತ್ತಿತ್ತು.

ಕೆಲವು ತಿಂಗಳ ನಂತರ ಅವಳು ಡ್ರೈವಿಂಗ್ ಸ್ಕೂಲಿಗೆ ಹೋದಳು. ಮಾಲೀಕ ಅವಳ ದನಿ ಕೇಳಿ ಮುಖ ಸಪ್ಪಗೆ ಮಾಡಿದ. "ಈ ದನಿಲಿ ಹೇಗೆ ಕಲಿಸ್ತೀರಾ ಮೇಡಂ?"

"ಕಾರಿನ ಕಿಟಕಿ ಏರಿಸ್ತೀನಿ ಸರ್."

"ಯಾರಾದ್ರೂ ಗುದ್ದೋಕೆ ಹೊರಟ್ರೆ?"

"ನನ್ನ ಕಾಲಡೀನೂ ಒಂದು ಬ್ರೇಕ್ ಇದೆಯಲ್ಲ. ಒಬ್ಬರನ್ನ ಕೊಟ್ಟು ನೋಡಿ. ಇಲ್ಲಾಂದ್ರೆ ನಾಳೇನೂ ಬರ್ತೀನಿ, ನಾಡಿದ್ದೂ ಬರ್ತೀನಿ."

ಮಾಲೀಕ ಕೊಟ್ಟದ್ದು ಯಾರೂ ಬೇಡವೆಂದು ಬಿಟ್ಟಿದ್ದ ಒಬ್ಬಳನ್ನು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸು ಹಿಂದಿನಿಂದ ಯಾರಾದರೂ ಹಾರನ್ ಹೊಡೆದರೆ ಸ್ಟಿಯರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದಳು. ಮೇಡಮ್ಮಿಗೆ ಈಗ ತಪ್ಪಾದ ಮೇಲೆ ಕೂಗುವ ದಾರಿ ಇರಲಿಲ್ಲ, ಆದ್ದರಿಂದ ತಪ್ಪಾಗುವ ಮೊದಲೇ ಹೇಳಬೇಕಿತ್ತು. "ಆ ತಿರುವು ದಾಟಿದ್ರೆ ತರಕಾರಿ ಗಾಡಿಗಳಿರ್ತವೆ. ಈಗಲೇ ಕಾಲು ಹಗುರ ಮಾಡಿ. ಹಾಂ, ಹಾಗೆ." ಮೊದಲ ಪರೀಕ್ಷೆಯಲ್ಲಿ ಆ ಹೆಂಗಸು ರಿವರ್ಸ್ ಬಂದು ಕಂಬಕ್ಕೆ ಗುದ್ದಿದಳು. ಎರಡನೆಯ ಸಲ ಪಾಸಾದಳು. ಮಾಲೀಕ ಮುಂದಿನ ಸೋಮವಾರದಿಂದ ಇನ್ನೂ ಮೂವರನ್ನು ಮೇಡಮ್ಮಿನ ಕಡೆಗೆ ಕಳಿಸಿದ.

ಹಿತ್ತಲ ಕಾರುಬಾರು ಈಗ ಪೂರ್ತಿ ಅತ್ತೆಯದು. ಟೈಲರನ ಹೆಂಡತಿಗೆ ಬಲ್ಬು ಎಷ್ಟು ಎತ್ತರದಲ್ಲಿ ಕಟ್ಟಬೇಕೆಂದು ಪಾಠ ಹೇಳುವಷ್ಟು ಅವರು ಮುಂದುವರಿದಿದ್ದಾರೆ.

ಮೊನ್ನೆ ಗಂಟಲು ತೋರಿಸಲು ಹೋದಾಗ ಡಾಕ್ಟರಮ್ಮ ಒಳಗೆ ಲೈಟು ಬಿಟ್ಟು ತುಂಬ ಹೊತ್ತು ನೋಡಿದರು.

"ಕೂಗಿದ್ರಾ?"

"ಇಲ್ಲ."

"ಒಂದ್ಸಲನೂ?"

"ಇಲ್ಲ ಡಾಕ್ಟ್ರೇ."

"ಗಂಟಲು ಚೊಕ್ಕಟವಾಗಿದೆ," ಎಂದು ಅವರು ಕನ್ನಡಕ ತೆಗೆದಿಟ್ಟರು. ಅವಳು ಚೀಲ ಹೆಗಲಿಗೇರಿಸಿ ಎದ್ದಳು. ನಾಲ್ಕು ಗಂಟೆಯ ಪಾಠಕ್ಕೆ ಹೊಸಬನೊಬ್ಬ ಸ್ಕೂಲಿನಲ್ಲಿ ಕಾಯುತ್ತಿದ್ದ.