ಒಂದೇ ವಿಮಾನ, ಎರಡು ನಂಬರು

ಬೆಳಿಗ್ಗೆ ತಂಗಿ ತನ್ನ ಟಿಕೆಟ್ಟಿನ ಚಿತ್ರವನ್ನು ಮೊಬೈಲಿಗೆ ಕಳಿಸಿ, "ಅಕ್ಕಾ, ಇದ್ರಲ್ಲಿ ಎರಡು ಫ್ಲೈಟ್ ನಂಬರ್ ಯಾಕಿದೆ?" ಎಂದು ಕೇಳಿದಳು. ತೀರಾ ಸಣ್ಣ ಪ್ರಶ್ನೆ. ಉತ್ತರ ಬರೆಯಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆ. ಚಾಮರಾಜಪೇಟೆಯ ಪುಟ್ಟ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ವಿಮಾನದ ನಂಬರಿನಲ್ಲಿ ಮೊದಲ ಎರಡಕ್ಷರ ಕಂಪನಿಯ ಗುರುತು, ಆಮೇಲಿನ ಅಂಕೆ ಆ ಹಾರಾಟದ್ದು. ಇಷ್ಟು ಕಲಿತದ್ದಕ್ಕೇ ನನಗೆ ಕೊಂಬು ಬಂದಿತ್ತು. ಬಸ್ಸಿನಲ್ಲಿ ಕೂತು ಕಂಪನಿಗಳ ಅಕ್ಷರಗಳನ್ನು ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಿದ್ದೆ. ಪಕ್ಕದವರು ಯಾವುದೋ ಮಂತ್ರವೆಂದುಕೊಂಡು ಸರಿದು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಲಲಿತಮ್ಮ ಓಡಿ ಬಂದರು. ಹಿಂದಿನ ರಸ್ತೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ ರಾಮಣ್ಣನವರ ಹೆಂಡತಿ. ರಾಮಣ್ಣ ಮುದ್ರಣ ಯಂತ್ರಗಳ ಪ್ರದರ್ಶನ ನೋಡಲು ಹಿಂದಿನ ರಾತ್ರಿ ಜರ್ಮನಿಗೆ ಹೊರಟಿದ್ದರು. ಟಿಕೆಟ್ ಬರೆದವಳು ನಾನೇ. "ಅಲ್ಲಿ ವಿಮಾನ ಇಳೀವಾಗ ಬೆಂಕಿ ಹತ್ತಿಕೊಂಡಿದ್ಯಂತೆ, ಟಿವೀಲಿ ಬಂತು," ಎಂದು, ವಾರ್ತೆಯಲ್ಲಿ ಬಂದ ನಂಬರನ್ನು ಗೀಚಿಕೊಂಡಿದ್ದ ಕ್ಯಾಲೆಂಡರಿನ ಚೂರನ್ನು ಮುಂದಿಟ್ಟರು. ಅದು ಬೆವರಿನಿಂದ ಒದ್ದೆಯಾಗಿತ್ತು.

ಟಿಕೆಟ್ಟಿನ ಪ್ರತಿ ತೆಗೆದು ಹೋಲಿಸಿದೆ. "ಅಕ್ಷರಾನೂ ಬೇರೆ, ನಂಬರೂ ಬೇರೆ ಅಮ್ಮ. ಇದು ಅವರ ಫ್ಲೈಟೇ ಅಲ್ಲ. ನೆಮ್ಮದಿಯಾಗಿ ಹೋಗಿ ಊಟ ಮಾಡಿ." ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದರು.

ಹೊರಗೆ ಹೋಗಿದ್ದ ಹಿರಿಯ ಸಹೋದ್ಯೋಗಿ ಮೂರ್ತಿಯವರು ಬಂದಾಗ ಇದನ್ನು ಬೀಗುತ್ತಲೇ ಹೇಳಿದೆ. ಅವರು ಪ್ರತಿಯನ್ನೂ ಕ್ಯಾಲೆಂಡರಿನ ಚೂರನ್ನೂ ನೋಡಿದರು, ಕನ್ನಡಕ ತೆಗೆದರು. "ಏನಮ್ಮಾ ಮಾಡ್ಬಿಟ್ಟೆ? ಟಿಕೆಟ್ ಮಾರಿದ್ದು ಒಂದು ಕಂಪನಿ, ಹಾರಿಸೋದು ಇನ್ನೊಂದು. ಇಬ್ಬರೂ ತಮ್ಮತಮ್ಮ ನಂಬರ್ ಹಾಕ್ಕೋತಾರೆ. ಆಯಮ್ಮ ಬರ್ಕೊಂಡ್ ಬಂದಿದ್ದು ಇದೇ ವಿಮಾನ."

ವಿಮಾನ ಕಂಪನಿಗೆ ಎಷ್ಟು ಸಲ ಫೋನು ತಿರುಗಿಸಿದರೂ ಎಂಗೇಜ್. "ಅವರ ಮನೆಗೆ ನಾನು ಹೋಗ್ಲಾ?" ಎಂದರು ಮೂರ್ತಿ. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಧೈರ್ಯ ಕೊಟ್ಟವಳು ನಾನು. ನಾನೇ ಹೋದೆ. ಪ್ರೆಸ್ಸಿನ ಮೇಲಿದ್ದ ಅವರ ಮನೆಗೆ ಬೀಗ ಹಾಕಿರಲಪ್ಪಾ ಎಂದು ಬೇಡಿಕೊಳ್ಳುತ್ತಾ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಲಲಿತಮ್ಮ ತಟ್ಟೆಯ ಮುಂದೆ ಕೂತಿದ್ದರು. "ಬಾಮ್ಮಾ. ನಿನ್ನ ಮಾತಿಂದ ಎರಡು ತುತ್ತು ಇಳೀತಿದೆ."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಕಲಸಿದ ಅನ್ನದಲ್ಲೇ ಅವರ ಕೈ ನಿಂತಿತು. ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಹಾಗಾದ್ರೆ ನೀನು ಇಲ್ಲೇ ಇರು," ಎಂದರು. "ಫೋನ್ ಬಂದ್ರೆ ನನ್ ಕೈಲಿ ಎತ್ತಕ್ಕಾಗಲ್ಲ. ನೀನೇ ಎತ್ತು."

ಕಾದೆವು. ಅವರ ಬೆರಳಿನ ಅನ್ನ ಒಣಗಿತು. ಕೆಳಗೆ ಪ್ರೆಸ್ಸಿನ ಯಂತ್ರ ಯಾರದೋ ಮದುವೆಯ ಪತ್ರಿಕೆಯನ್ನು ಒಂದೇ ಸಮನೆ ಅಚ್ಚು ಹಾಕುತ್ತಿತ್ತು. ಸಂಜೆ ಐದರ ಹೊತ್ತಿಗೆ ಫೋನು ಬಡಿದುಕೊಂಡಿತು. ನಾಲ್ಕು ಸಲ ಬಡಿದುಕೊಳ್ಳಲು ಬಿಟ್ಟೆ. ಎತ್ತಿದಾಗ ಬರೀ ಗರಗರ ಸದ್ದು, ಆಮೇಲೆ ಗಂಡಸಿನ ದನಿ: "ಲಲಿತಾ? ಕಾಲು ಮುರಿದಿದೆ, ಅಷ್ಟೇ. ಬದುಕಿದೀನಿ ಕಣೇ."

ರಿಸೀವರನ್ನು ಅವರ ಕಿವಿಗೆ ಹಿಡಿದೆ. ಅತ್ತು ಮುಗಿಸಿ ಫೋನಿಟ್ಟ ಮೇಲೆ ಲಲಿತಮ್ಮ ನನ್ನನ್ನು ನೋಡಿದರು. "ಕೂತ್ಕೋ. ನೀನೂ ಏನೂ ತಿಂದಿರಲ್ಲ."

ಏಜೆನ್ಸಿಯ ಆ ಮೇಜಿನಲ್ಲಿ ಆಮೇಲೂ ಬಹಳ ವರ್ಷ ಕೆಲಸ ಮಾಡಿದೆ. ಗಾಬರಿಯಿಂದ ಬಂದ ಯಾರಿಗೂ "ಏನೂ ಆಗಿಲ್ಲ, ಹೋಗಿ" ಎನ್ನಲು ಬಾಯಿ ಬರಲಿಲ್ಲ. "ಕೂತ್ಕೊಳ್ಳಿ, ವಿಚಾರಿಸೋಣ" ಎನ್ನುತ್ತಿದ್ದೆ. ಈಗಲೂ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಎದೆ ಧಸಕ್ಕೆನ್ನುತ್ತದೆ. ಬೇರೆ ಯಾರಾದರೂ ಎತ್ತಲಿ ಎಂದು ಮಾತ್ರ ಕಾಯುವುದಿಲ್ಲ.