ನನ್ನ ಮೂಗು, ಅತ್ತೆಯ ಲೋಬಾನ

ತಲೆನೋವು ಬಂದಾಗ ನನಗೆ ಬೇಕಾದದ್ದು ಕತ್ತಲು, ಮತ್ತೆ ಬಾಯಿ ಮುಚ್ಚಿಕೊಂಡಿರುವ ಜನ. ಕರಜಗಿಯ ನಮ್ಮ ಮನೆಯಲ್ಲಿ ಸಿಗುತ್ತಿದ್ದದ್ದು ಲೋಬಾನದ ಹೊಗೆ. ಅರ್ಧ ತಲೆ ಸಿಡಿಯುತ್ತಿದೆ ಅಂದರೆ ಸಾಕು, ಮನೆದೇವರು ಬೀರೋಬಾ ಸಿಟ್ಟಾಗಿದ್ದಾನೆ ಎಂದು ಅತ್ತೆ ತೀರ್ಮಾನಿಸಿಬಿಡುತ್ತಿದ್ದರು. ಹಣೆತುಂಬ ಭಂಡಾರದ ಅರಿಶಿನ ಬಳಿದು, ನನ್ನನ್ನು ಕುರಿಯುಣ್ಣೆಯ ಕಂಬಳಿಯೊಳಗೆ ಕೂರಿಸಿ, ಬೋಗುಣಿಯ ಕೆಂಡದ ಮೇಲೆ ಲೋಬಾನ ಸುರಿದು ಅದನ್ನು ಒಳಗೆ ತಳ್ಳುತ್ತಿದ್ದರು. ಆ ಹೊಗೆಗೇ ನನ್ನ ನೋವು ಏರುತ್ತಿತ್ತು. ನಾನು ಒದ್ದಾಡಿದಷ್ಟೂ ದೇವರು ಬಿಟ್ಟಿಲ್ಲವೆಂದು ಇನ್ನೊಂದು ಹಿಡಿ ಲೋಬಾನ!

ಹೊಸ ಸೊಸೆಯಾಗಿದ್ದಾಗ ಸಹಿಸಿದೆ. ಆಮೇಲೆ ಜಗಳಕ್ಕೆ ನಿಂತೆ.

"ಈ ವಾಸನಿ ನನಗ ತಡಿಯಂಗಿಲ್ರಿ ಅತ್ತಿ. ಇದರಿಂದನ ತಲಿ ಹೆಚ್ಚಿಗಿ ಸಿಡೀತೈತಿ."

"ಅಯ್ಯ, ನಖರಾ ನೋಡ! ನಮ್ಮ ಮೂಗೇನು ಕಟಗೀದೇನು?"

ಸೊಲ್ಲಾಪುರದಲ್ಲಿ ನಾನು ಮೈಗ್ರೇನಿಗೆ ಔಷಧಿ ತೆಗೆದುಕೊಳ್ಳುವ ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ನನ್ನಂಥ ತಲೆನೋವಿನವರ ಮೂಗಿನ ಪರೀಕ್ಷೆ ಮಾಡುತ್ತಿದ್ದರು. ನನ್ನನ್ನೂ ಕರೆದರು. ಮನೆಯಲ್ಲಿ ಹೇಳಿದ್ದೇ ತಡ, ಅತ್ತೆ ಷರತ್ತು ಹಾಕಿದರು.

"ಮೂಗ ಅಳದು ನೋಡ್ಲಿ. ನಿಂದ ಖರೇ ಆದ್ರ ಲೋಬಾನ ಬಂದ್. ಸುಳ್ಳಾದ್ರ ಬಾಯಿ ಮುಚಗೊಂಡ ಕಂಬಳ್ಯಾಗ ಕುಂದರಬೇಕು."

"ಆತ್ರಿ," ಅಂದೆ. ಗೆದ್ದೇಬಿಟ್ಟೆ ಎಂಬ ಸೊಕ್ಕು ನನಗೆ.

ಸಾಕ್ಷಿಗೆಂದು ಅತ್ತೆಯೂ ಎಸ್‌ಟಿ ಬಸ್ಸು ಹತ್ತಿದರು. ಡಾಕ್ಟರಮ್ಮ ನನ್ನ ಕಣ್ಣಿಗೆ ಪಟ್ಟಿ ಕಟ್ಟಿ, ಪೆನ್ನಿನಂಥ ಕಡ್ಡಿಗಳನ್ನು ಒಂದೊಂದಾಗಿ ಮೂಗಿನ ಬಳಿ ಹಿಡಿದರು. ಪ್ರತಿ ಸಲ ಮೂರು ಕಡ್ಡಿ, ವಾಸನೆ ಇರುವುದು ಒಂದಕ್ಕೇ. ಅದು ಯಾವುದೆಂದು ಹೇಳಬೇಕು. ಹೋಗ್ತಾ ಹೋಗ್ತಾ ಆ ವಾಸನೆ ಎಷ್ಟು ತೆಳ್ಳಗಾಯಿತೆಂದರೆ ಕೊನೆಗೆ ಊಹೆಯ ಮೇಲೆ ಹೇಳತೊಡಗಿದೆ. ಆಮೇಲೆ ಘಾಟಾದ ಕಡ್ಡಿ ಹಿಡಿದು, ಎಷ್ಟು ತ್ರಾಸಾಗುತ್ತದೆ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ನನ್ನ ಕೈ ಅವರ ಕೈಯನ್ನು ದೂಡಿತ್ತು.

"ತುಮಚಂ ನಾಕ ನಾರ್ಮಲ್ ಆಹೆ," ಅಂದರು ಡಾಕ್ಟರಮ್ಮ. ಎಲ್ಲರ ಮೂಗಿನಂಥದ್ದೇ ನನ್ನದೂ! ಅತ್ತೆಯ ಮುಖ ನೋಡಬೇಕಿತ್ತು, ಅಷ್ಟು ಅರಳಿತ್ತು. ಡಾಕ್ಟರಮ್ಮ ಇನ್ನೂ ಹೇಳುತ್ತಿದ್ದರು: ವಾಸನೆ ನನಗೆ ಬೇರೆಯವರಿಗಿಂತ ಹೆಚ್ಚೇನೂ ಬರುವುದಿಲ್ಲ, ಆದರೆ ಅವರು ತಡೆದುಕೊಳ್ಳುವ ವಾಸನೆಯನ್ನು ನನ್ನ ತಲೆ ತಡೆಯುವುದಿಲ್ಲ, ಮೈಗ್ರೇನಿನ ಎಷ್ಟೋ ಜನರಿಗೆ ಹೀಗೇ. ಅಷ್ಟರಲ್ಲಿ ಅತ್ತೆ ಚೀಲ ಹಿಡಿದು ಬಾಗಿಲು ದಾಟಿದ್ದರು.

"ಕೇಳಿದೆಲ್ಲ? ಸುಮ್ಮ ಕಂಬಳ್ಯಾಗ ಕುಂದರು ಇನ್ನ," ಅಂದರು ಬಸ್‌ಸ್ಟ್ಯಾಂಡಿನಲ್ಲಿ.

"ನಾ ಪೂರಾ ಕೇಳೀನ್ರಿ. ನೀವು ಅರ್ಧಕ್ಕ ಎದ್ದು ಬಂದ್ರಿ."

"ಮಾತು ಕೊಟ್ಟಿದ್ದೆಲ್ಲ?"

ಕೊಟ್ಟಿದ್ದೆ. ಆದರೂ ಮೈಯೆಲ್ಲ ಉರಿಯಿತು.

"ಕೊಟ್ಟಿದ್ದೆ. ಈಗ ಮುರೀತೀನಿ."

ಬಸ್ಸಿಗೆ ಕಾದಿದ್ದ ನಮ್ಮೂರವರ ಮುಂದೆ ಹೀಗೆ ಅನ್ನಿಸಿಕೊಂಡ ಅತ್ತೆ ಬಸ್ಸಿನಲ್ಲಿ ನನ್ನಿಂದ ದೂರ ಹೋಗಿ ಕುಳಿತರು. ಮುಂದಿನ ಸಲ ನನಗೆ ತಲೆ ಸಿಡಿದಾಗ ಮತ್ತೆ ಲೋಬಾನಕ್ಕೆ ಕೈಹಾಕಿದರು. ಅವರು ಕೆಂಡ ತರುವಷ್ಟರಲ್ಲಿ ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದು ಹಿತ್ತಿಲಿನ ನಮ್ಮ ಕುರಿದೊಡ್ಡಿ ಹೊಕ್ಕಿದ್ದೆ. ಕುರಿಗಳ ನಡುವೆ ನೆಲಕ್ಕೆ ಒರಗಿ ಕಣ್ಣು ಮುಚ್ಚಿದ್ದೆ. ಹೊಗೆಯಾಡುವ ಬೋಗುಣಿ ಹಿಡಿದು ಅತ್ತೆ ಅಲ್ಲಿಗೂ ಬಂದರು.

"ಕುರಿ ನಾತ ತಡೀತೈತಿ, ದೇವರ ಹೊಗಿ ತಡಿಯಂಗಿಲ್ಲೇನು?"

"ತಡಿಯಂಗಿಲ್ಲ."

"ನಿನ್ನ ಮೂಗ ಬರೋಬರಿ ಐತಿ ಅಂದಾರ ಡಾಕ್ಟರ!"

"ಮೂಗ ಬರೋಬರಿ ಇರ್ಲಿ ಬಿಡ್ರಿ. ನೋಯಾಕತ್ತಿದ್ದು ನನ್ನ ತಲಿ. ನೋವು ಐತಿ ಅಂತ ನಾ ಹೇಳಾಕತ್ತೀನಿ, ಸಾಕು."

ಅತ್ತೆ ಒಂದು ಹೆಜ್ಜೆ ಒಳಗಿಟ್ಟರು. ನಾನು ಎದ್ದೆ. ಕಣ್ಣು ಬಿಡಲಾಗುತ್ತಿರಲಿಲ್ಲ, ಆದರೂ ಎದ್ದು ಅವರನ್ನು ಹೊರಗೆ ಸರಿಸಿ, ದೊಡ್ಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡೆ.