ಬಾವಿಗೆ ಇಳಿಯುವ ಕ್ಯಾಮೆರಾ

ನನಗೆ ಸಿಟ್ಟು ಬಂದರೆ ಮನೆಯವರು ಹೆದರುವುದಿಲ್ಲ, ಚಹಾಕ್ಕೆ ಇಡುತ್ತಾರೆ. ಅದೂ ಒಂದು ಸಿಟ್ಟಿನ ಕಾರಣವೇ. ಆದರೆ ಈ ಸಲದ್ದು ಚಹಾಕ್ಕೆ ಆರುವಂಥದ್ದಲ್ಲ; ನೀರಿಗೆ ಇಳಿಯುವ ಕ್ಯಾಮೆರಾ ಕೊಳ್ಳಲು ಹೋದವನ ಸಿಟ್ಟು.

ನನ್ನ ತಂಗಿಯ ಮಗಳು ಸುವರ್ಣಾ ಮೋರಖಂಡಿಯ ನಮ್ಮ ಹೊಲದ ಬಾವಿಕಟ್ಟೆಯಿಂದ ಗಾಳಿಯಲ್ಲೇ ಪಲ್ಟಿ ಹೊಡೆದು, ನೀರಿಗೂ ಗೊತ್ತಾಗದಂತೆ ಒಳಗೆ ಹೋಗುತ್ತಾಳೆ. ದೂರದ ಊರಿನ ಡೈವಿಂಗ್ ತರಬೇತುದಾರರೊಬ್ಬರು ಆ ಜಿಗಿತದ ವಿಡಿಯೊ ಕೇಳಿದ್ದರು: ಕಟ್ಟೆಯಿಂದ ನೀರಿನೊಳಗಿನವರೆಗೆ, ಎಲ್ಲೂ ಕತ್ತರಿಸದೆ. ಭಾನುವಾರ ಸಂಜೆಯೊಳಗೆ ತಲುಪಿದರೆ ಶಿಬಿರದ ಆಯ್ಕೆಗೆ ಪರಿಗಣನೆ, ಇಲ್ಲದಿದ್ದರೆ ಮುಂದಿನ ವರ್ಷ. ನಮ್ಮ ಕಡೆಯ ಹುಡುಗಿಯರಿಗೆ ಮುಂದಿನ ವರ್ಷವೆಂಬುದು ಬಹಳ ದೂರ. ಅಷ್ಟರಲ್ಲಿ ಹೆಣ್ಣು ನೋಡಲು ಬಂದವರು ಅವಲಕ್ಕಿ ಚೂಡಾ ತಿಂದು ಹೋಗಿರುತ್ತಾರೆ.

ಹುಮನಾಬಾದಿನ ಅಂಗಡಿಯವ ಮದುವೆ ಶೂಟಿಂಗಿನ ದೊಡ್ಡ ಕ್ಯಾಮೆರಾ ಇಳಿಸಿ ಮುಂದಿಟ್ಟ.

“ನೀರಾಗ ಮುಳಗಿದ್ರ ನಡೀತದೇನು?” ಎಂದೆ.

“ಸಾಹೇಬ್ರ, ಇಷ್ಟ ಛಲೋ ಮಾಲ್ ನೀರಾಗ ಯಾಕ ಮುಳಗಸ್ತೀರಿ?”

ಮುಳುಗಿಸಲಿಕ್ಕೇ ಬೇಕು ಎಂದಾಗ ನನ್ನ ಮುಖ ನೋಡಿ, “ಮನಿಯಾಗ ಎಲ್ಲಾರೂ ಆರಾಮ ಅದಾರಲ್ರಿ?” ಎಂದ.

ಗಡಿಗೆಯನ್ನು ಬೆರಳಿನಿಂದ ಬಾರಿಸಿ, ಕಲ್ಲಂಗಡಿಯನ್ನು ತಟ್ಟಿ ಕೊಳ್ಳುವ ಜನ ನಾವು. ಕ್ಯಾಮೆರಾವನ್ನು ಎಲ್ಲಿ ಬಾರಿಸುವುದು? ಮೊಬೈಲಿನಲ್ಲಿ ಸಲಹೆ ಕೊಡುವವರೆಲ್ಲ ನೀಲಿ ಸಮುದ್ರದಲ್ಲಿ ಅಲೆಯ ಮೇಲೆ ನಿಂತು ನಗುತ್ತಾರೆ. ಒಬ್ಬನಾದರೂ ಪಾಚಿಗಟ್ಟಿದ ಬಾವಿಗೆ ಇಳಿದು ತೋರಿಸಿದ್ದಾನೆಯೇ? ಇನ್ನು ‘ವಾಟರ್‌ಪ್ರೂಫ್’ ಎಂದು ದೊಡ್ಡದಾಗಿ ಬರೆದು, ಮೇಲೆ ಬೇರೆ ಡಬ್ಬಿ ಹಾಕಿದರೆ ಮಾತ್ರ ಎಂದು ಇರುವೆಯಷ್ಟು ಅಕ್ಷರದಲ್ಲಿ ಸೇರಿಸುವವರನ್ನು ಡಬ್ಬಿಯಿಲ್ಲದೆ ಬಾವಿಗೆ ಇಳಿಸಬೇಕು.

ಕೊನೆಗೆ ಬಸವಕಲ್ಯಾಣದಲ್ಲಿ ಅಂಗೈಯಲ್ಲಿ ಅಡಗುವಂಥದ್ದೊಂದು ಸಿಕ್ಕಿತು. ಡಬ್ಬಿ ಬೇಡ, ಕೈ ನಡುಗಿದರೂ ಚಿತ್ರ ನಡುಗದು, ಕೈಜಾರಿದರೆ ಹಿಡಿಕೆ ತೇಲುತ್ತದೆ. ಭಾನುವಾರ ಬಾವಿಯಲ್ಲಿ ಸೊಂಟದವರೆಗೆ ನೀರಿರುವ ಮೆಟ್ಟಿಲ ಮೇಲೆ ನಿಂತು ಅದನ್ನು ಮೇಲಕ್ಕೆ ಹಿಡಿದೆ. ಸುವರ್ಣಾ ಜಿಗಿದಳು. ವಿಡಿಯೊ ನೋಡಿದರೆ, ಮಂಜಿನಲ್ಲಿ ಕಾಗೆ ಬಿದ್ದಂತಿತ್ತು. ಕ್ಯಾಮೆರಾ ನೀರೊಳಗೆ ಹೋದ ಮೇಲೆ ಎಲ್ಲ ಸ್ವಚ್ಛ. ಅಷ್ಟರಲ್ಲಿ ಜಿಗಿತವೇ ಮುಗಿದಿತ್ತು.

ಹೊಸ ಸಾಮಾನು ಬಂದ ಕೂಡಲೇ ನನ್ನ ದೊಡ್ಡವ್ವ ಅದಕ್ಕೆ ವಿಭೂತಿ ಹಚ್ಚಿದ್ದಳು. ಮೂರು ಬೆರಳು, ಸರಿಯಾಗಿ ಗಾಜಿನ ಮೇಲೆಯೇ.

“ಹಣಿ ಯಾವದು ಅಂತ ನನಗೇನ್ ಗೊತ್ತೋ? ಕಣ್ಣ ಇದ್ದಲ್ಲೇ ಹಣಿ ಅಂತ ಹಚ್ಚೀನಿ,” ಎಂದಳು ಕಟ್ಟೆಯ ಮೇಲಿನಿಂದ. “ಇರ್ಲಿ ಬಿಡು, ದೇವ್ರಿಗಿ ಕಾಣಸ್ತದ.”

“ದೇವ್ರಿಗಿ ಕಂಡ್ರ ಸಾಕಿತ್ತಂದ್ರ ಕ್ಯಾಮೆರಾ ಯಾಕ ತರ್ತಿದ್ದೆ ದೊಡ್ಡವ್ವಾ!”

ಹೊತ್ತು ಇಳಿಯುತ್ತಿತ್ತು. ಸುವರ್ಣಾ ಗಾಜು ಒರೆಸಿಕೊಟ್ಟು, “ಮತ್ತ ಜಿಗೀತೀನಿ ಮಾಮಾ, ನೀವು ಒದರೂದು ಮುಗಸ್ರಿ,” ಎಂದು ಮೇಲೆ ಹತ್ತಿದಳು. ನಾನು ಮುಗಿಸಲಿಲ್ಲ. ಹುಮನಾಬಾದಿನವನಿಂದ ನೀಲಿ ಸಮುದ್ರದವರೆಗೆ ಎಲ್ಲರಿಗೂ ಬಾವಿಯೊಳಗಿನಿಂದಲೇ ಮಂಗಳಾರತಿ ಮಾಡಿದೆ. ಬಾವಿ ಎಲ್ಲವನ್ನೂ ಎರಡೆರಡು ಸಲ ಹೇಳಿತು. ಅದರ ನಡುವೆಯೇ ಸುವರ್ಣಾ ಜಿಗಿದಳು; ಈ ಸಲ ಚಿತ್ರ ಸ್ವಚ್ಛ. ಕ್ಯಾಮೆರಾ ಒಂದಕ್ಷರ ಬಿಡದೆ ಕೇಳಿಸಿಕೊಂಡಿತು. ಅದು ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆಂದು ಅಂಗಡಿಯವನೂ ಹೇಳಿರಲಿಲ್ಲ. ಕತ್ತರಿಸುವಂತಿಲ್ಲವಲ್ಲ, ಹಾಗೆಯೇ ಕಳಿಸಿದೆವು.

ಮರುದಿನ ತರಬೇತುದಾರರು ತಂಗಿಗೆ ಫೋನ್ ಮಾಡಿದರು. “ಹುಡುಗೀನ್ನ ಕಳಸ್ರಿ. ಪಲ್ಟಿ ನಾವು ತಿದ್ದಬಹುದು. ಅಂಥಾ ಗದ್ದಲದಾಗ ಅಲ್ಲಾಡದ ನಿಂತಾಳಲ್ಲ, ಅದನ್ನ ಕಲಸಾಕ ಬರಂಗಿಲ್ರಿ. ಅಲ್ಲ, ಒದರಾಕತ್ತಿದ್ದವ್ರು ಯಾರ್ರಿ?”

“ಯಾರೋ ಕಬ್ಬಿನ್ಯಾಗ ಹಂದಿ ಓಡಸಾಕತ್ತಿದ್ರು ಸರ್,” ಎಂದಳು ನನ್ನ ಒಡಹುಟ್ಟಿದವಳು.

ಕೇಳಿ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಸುವರ್ಣಾ ಆಗಲೇ ನೆಲದ ಮೇಲೆ ಕುಳಿತು, ಶಿಬಿರಕ್ಕೆಂದು ತುಂಬಿ ತುಳುಕುವ ಚೀಲದ ಜಿಪ್ ಎಳೆಯಲು ಹೆಣಗುತ್ತಿದ್ದಳು. ಆ ಹೊತ್ತಿಗೆ ಬೇಕಾಗಿದ್ದುದು ನನ್ನ ಗಂಟಲಲ್ಲ, ಕೈ. ಬಾಯಿ ಮುಚ್ಚಿ, ಚೀಲದ ಮೇಲೆ ಮೊಳಕಾಲೂರಿ ಎಳೆದುಕೊಟ್ಟೆ.